ಅಟ್ಟದ ಆಸ್ತಿ

ರಾಜಾಜಿನಗರದ ಹಳೆಯ ಮನೆಗಳಲ್ಲಿ ದೇವರ ಕೋಣೆಯಷ್ಟೇ ಅನಿವಾರ್ಯವಾದ ಸ್ಥಾನ ಇನ್ನೊಂದುಂಟು; ಅದು ಅಟ್ಟ. ಗೀಸರ್ ಬಂದಂದು ಪದಚ್ಯುತವಾದ ತಾಮ್ರದ ಹಂಡೆ, ಅಮೆರಿಕಕ್ಕೆ ಹೋದ ಮಗನ ಎಂಜಿನಿಯರಿಂಗ್ ಪುಸ್ತಕಗಳು, ಯಾರ ಮದುವೆಯದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಸೂಟ್‌ಕೇಸು, ಇವೆಲ್ಲವೂ ‘ಎಂದಾದರೂ ಬೇಕಾದೀತು’ ಎಂಬ ಏಕಮಾತ್ರ ಮಂತ್ರದ ಬಲದಿಂದ ಅಲ್ಲಿ ಚಿರಂಜೀವಿಗಳಾಗಿವೆ.

ಮನೆಯನ್ನು ಅಪಾರ್ಟ್‌ಮೆಂಟು ಕಟ್ಟುವವರಿಗೆ ಒಪ್ಪಿಸಿ ಕೆಂಗೇರಿಯ ಫ್ಲ್ಯಾಟಿಗೆ ಹೊರಟು ನಿಂತಾಗಲೇ ಗೃಹಸ್ಥನಿಗೆ ವೈರಾಗ್ಯೋದಯವಾಗುವುದು; ಮೂರು ದಶಕ ಹಿಡಿದು ಕೂಡಿಸಿದ್ದನ್ನು ಮೂರು ದಿನಗಳಲ್ಲಿ ಮೂಟೆ ಕಟ್ಟಿ, ಆ ಮೂಟೆಗೆ ದಾನವೆಂಬ ಹೆಸರಿಟ್ಟು, ಅನಾಥಾಶ್ರಮದ ಬಾಗಿಲಲ್ಲಿ ಇಳಿಸಿ ನಿಟ್ಟುಸಿರಿಡುವನು. ಸರ್ವಸ್ವವನ್ನೂ ಕೊಡುವೆನೆಂದು ಯಾಗಕ್ಕೆ ಹೊರಟ ವಾಜಶ್ರವಸನು ಹಾಲು ಬತ್ತಿದ, ಹುಲ್ಲು ಮೇಯಲೂ ನೀರು ಕುಡಿಯಲೂ ತ್ರಾಣವಿಲ್ಲದ ಗೋವುಗಳನ್ನು ದಕ್ಷಿಣೆಯಾಗಿ ಕೊಡುತ್ತಿದ್ದುದನ್ನು ಕಂಡು ಬಾಲಕ ನಚಿಕೇತನು ಕಳವಳಗೊಂಡನೆಂಬಲ್ಲಿಂದಲೇ ಕಠೋಪನಿಷತ್ತಿನ ಕಥೆ ಮೊದಲಾಗುತ್ತದೆ. ನಮ್ಮ ಮೂಟೆಗಳನ್ನು ಬಿಚ್ಚಿ ನೋಡುವ ನಚಿಕೇತನು ಮನೆಯಲ್ಲಿಲ್ಲದಿರುವುದು ನಮ್ಮ ಪುಣ್ಯ.

2004ರ ಸುನಾಮಿಯ ತರುವಾಯ ದೇಶದ ನಾನಾ ಕಡೆಗಳಿಂದ ತಮಿಳುನಾಡಿಗೆ ಹರಿದು ಬಂದ ಹಳೆಯ ಬಟ್ಟೆಗಳಲ್ಲಿ ಅಪಾರ ಭಾಗ ಉಡಲು ಯೋಗ್ಯವಾಗದೆ ರಸ್ತೆಯ ಬದಿಗಳಲ್ಲಿ ರಾಶಿಬಿದ್ದಿತು. ಸರ್ವಸ್ವವನ್ನೂ ಕಳೆದುಕೊಂಡ ಬೆಸ್ತರಿಗೂ ಮಾನವೊಂದು ಉಳಿದಿತ್ತಷ್ಟೆ. ಆ ರಾಶಿಯನ್ನು ಸಂಗ್ರಹಿಸಿ, ವಿಂಗಡಿಸಿ, ಉಪಯೋಗಕ್ಕೆ ತಂದದ್ದು 1999ರಲ್ಲಿ ಅಂಶು ಗುಪ್ತಾ ಅವರು ಸ್ಥಾಪಿಸಿದ ‘ಗೂಂಜ್’ ಸಂಸ್ಥೆ.

ಈ ವಿಷಯದಲ್ಲಿ ನನ್ನ ಗೌರವವೆಲ್ಲ ಹಿಂದೆ ವಿಜಯನಗರದ ಅಡ್ಡರಸ್ತೆಗಳಲ್ಲಿ ಬುಟ್ಟಿ ಹೊತ್ತು ‘ಹಳೇ ಬಟ್ಟೆಗೆ ಪಾತ್ರೇ’ ಎಂದು ಕೂಗುತ್ತಿದ್ದ ಹೆಂಗಸಿಗೆ ಸಲ್ಲುತ್ತದೆ. ಜಗುಲಿಯ ಮೇಲೆ ಕುಳಿತು, ಪ್ಯಾಂಟನ್ನು ಬೆಳಕಿಗೆ ಹಿಡಿದು, ಹೊಲಿಗೆಯನ್ನು ಎಳೆದು ನೋಡಿ, ಮೊಣಕಾಲು ಸವೆದದ್ದನ್ನು ನಿರ್ದಾಕ್ಷಿಣ್ಯವಾಗಿ ಪಕ್ಕಕ್ಕೆಸೆದು, ‘ಇದಕ್ಕೆ ಲೋಟನೂ ಬರಲ್ಲ ಕಣಮ್ಮ, ಇನ್ನೊಂದು ಸೀರೆ ಹಾಕಿ’ ಎಂದು ಅವಳು ತೀರ್ಪು ಕೊಡುತ್ತಿದ್ದಳು. ಗಂಟೆಗಟ್ಟಲೆ ಚೌಕಾಸಿ ನಡೆದು ಒಂದು ಸ್ಟೀಲಿನ ಡಬರಿ ಒಳಗೆ ಬರುತ್ತಿತ್ತು, ಬಟ್ಟೆಯ ಗಂಟು ಹೊರಗೆ ಹೋಗುತ್ತಿತ್ತು. ಅಲ್ಲಿ ದಾತೃವೂ ಇರಲಿಲ್ಲ, ದೀನನೂ ಇರಲಿಲ್ಲ. ಅಲ್ಲದೆ ಕೊಂಡವಳಿಗೆ ಬೇಡವೆನ್ನುವ ಅಧಿಕಾರವಿತ್ತು. ಈಗ ಸಿದ್ಧ ಉಡುಪು ಅಗ್ಗವಾಗಿದೆ, ಹಳೆಯದಕ್ಕೆ ಬೆಲೆ ಇಳಿದಿದೆ. ಆ ಕೂಗೂ ಅಪರೂಪವಾಗಿದೆ. ಉಚಿತವಾಗಿ ಪಡೆಯುವವನಿಗೆ ಬೇಡವೆನ್ನುವ ಬಾಯಿಲ್ಲ. ಆದ್ದರಿಂದ ಅವನ ಪರವಾಗಿ ಆ ಮಾತನ್ನಾಡಬೇಕಾದವನು ಕೊಡುವವನೇ.

ದೊಡ್ಡ ತತ್ತ್ವವೇನೂ ಬೇಡ. ಕೊಡುವ ಅಂಗಿಯನ್ನು ಒಗೆದು, ಹೋದ ಗುಂಡಿಯನ್ನು ಹೊಲಿದು ಕೊಡಿ. ಪಠ್ಯಪುಸ್ತಕವನ್ನೂ ಶಾಲೆಯ ಚೀಲವನ್ನೂ ಜೂನಿಗೆ ಮುಂಚೆ, ಕಂಬಳಿಯನ್ನು ಮಾರ್ಗಶಿರದ ಚಳಿಗೆ ಮುಂಚೆ ತಲಪಿಸಿ. ಏನು ಬೇಕೆಂದು ಆಶ್ರಮದವರನ್ನು ಮೊದಲೇ ವಿಚಾರಿಸಿ. ಹರಿದದ್ದನ್ನು ಮಾತ್ರ ದಯವಿಟ್ಟು ನೆಲ ಒರೆಸಲು ಮನೆಯಲ್ಲೇ ಇಟ್ಟುಕೊಳ್ಳಿ.