ಒಳವೃತ್ತದ ಖಾಲಿ ಜಾಗ

ಒಬ್ಬರ ಬೆನ್ನು ಇನ್ನೊಬ್ಬರು ನೋಡಿಕೊಂಡು ಕಾದಂಬರಿ ಚರ್ಚಿಸಲು ಆಗದು ಎಂಬುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಹತ್ತನೇ ತರಗತಿಯವರ ಜೊತೆ ಕಾದಂಬರಿ ಹಿಡಿದ ದಿನ ಮೊದಲ ಕೆಲಸ ಬೆಂಚುಗಳನ್ನು ಗೋಡೆಗೆ ಸರಿಸುವುದು. ಡೆಸ್ಕಿನ ಜೊತೆಗೇ ಜೋಡಿಸಿದ ಹಳೇ ಮರದ ಬೆಂಚುಗಳು ಅವು. ನಾಲ್ವರು ಕೈ ಹಾಕಿದರಷ್ಟೇ ಅಲುಗುತ್ತವೆ. ತೆರವಾದ ಜಾಗದಲ್ಲಿ ಜಮಖಾನ ಹಾಸುತ್ತೇವೆ. ಗುಂಪು ಗುಂಪಾಗಿ ಬೇಕಾದವರು ಅಲ್ಲಿ, ಉಳಿದವರು ಕಿಟಕಿಯ ಕಟ್ಟೆಯ ಮೇಲೆ, ಜಗಲಿಯ ಮೆಟ್ಟಿಲ ಮೇಲೆ. ಗುಂಪಿನ ಎಲ್ಲರಿಗೂ ಎಲ್ಲರ ಮುಖ ಕಾಣಬೇಕು, ಆಡಿದ ಮಾತಿಗೆ ಪುಟ ತೆರೆದು ತೋರಿಸಬೇಕು. ಕಟ್ಟಳೆ ಇಷ್ಟೇ.

ಎದ್ದು ನಿಂತ ಹುಡುಗ ಉತ್ತರ ಒಪ್ಪಿಸುತ್ತಾನೆ. ಚಕ್ಕಳಮಕ್ಕಳ ಹಾಕಿ ಕೂತವನು ಮಾತಾಡುತ್ತಾನೆ. ಈ ವ್ಯತ್ಯಾಸ ನೋಡುವುದೇ ನನಗೊಂದು ಖುಷಿ. ನಾನೂ ಕುರ್ಚಿ ಬಿಟ್ಟು ಗುಂಪಿನ ಅಂಚಿನಲ್ಲಿ ಕೂರುತ್ತೇನೆ. ಕುರ್ಚಿಯಲ್ಲಿದ್ದರೆ ಪ್ರತಿ ಮಾತೂ ಸರಿಯೋ ತಪ್ಪೋ ಎಂದು ನನ್ನ ಮುಖ ನೋಡುತ್ತದೆ.

ತೇಜಸ್ವಿಯವರ 'ಕರ್ವಾಲೊ' (1980) ಜಗಲಿಗೆ ಒಗ್ಗುವ ಕಾದಂಬರಿ. ಹೊರಗೆ ಮರ, ಹುಳ, ಹಕ್ಕಿ ಕಾಣುವಾಗ ಹಾರುವ ಓತಿಯ ಮಾತು ತಾನಾಗಿ ಬರುತ್ತದೆ. ತರಗತಿಯಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಹೇಳಿದಳು: "ಮಂದಣ್ಣ ಸುಮ್ನೆ ತಿರುಗ್ತಾನೆ ಅಂತೀರಲ್ಲ, ತಿರುಗದೇ ಇದ್ದಿದ್ರೆ ಆ ಓತಿ ಅವನ ಕಣ್ಣಿಗೆ ಬೀಳ್ತಿತ್ತಾ?" ಕಾದಂಬರಿಯ ಮಂದಣ್ಣನ ಹಾಗೆ ಅವಳ ಅಪ್ಪನೂ ಜೇನು ಸಾಕುತ್ತಾರಂತೆ. ಆಮೇಲೆ ಜೇನುಪೆಟ್ಟಿಗೆಗಳ ಮಾತೇ ಬಹಳ ಹೊತ್ತು ನಡೆಯಿತು. ನಾನು ತಡೆಯಲಿಲ್ಲ.

ಕಾರಂತರ 'ಚೋಮನ ದುಡಿ'ಗೆ (1933) ಬೇರೆಯೇ ಏರ್ಪಾಡು: ಎರಡು ವೃತ್ತ. ಒಳಗಿನ ಆರು ಮಂದಿ ಮಾತಾಡುತ್ತಾರೆ, ಹೊರಗಿನವರು ಕೇಳಿಸಿಕೊಂಡು ಗುರುತು ಹಾಕಿಕೊಳ್ಳುತ್ತಾರೆ. ಒಳವೃತ್ತದಲ್ಲಿ ಒಂದು ಜಾಗ ಯಾವಾಗಲೂ ಖಾಲಿ. ತಡೆಯಲಾಗದಷ್ಟು ಹೇಳಬೇಕೆನಿಸಿದವರು ಬಂದು ಅಲ್ಲಿ ಕೂತು, ಹೇಳಿ, ಎದ್ದು ಹೋಗಬೇಕು. ಗುಂಪುಚರ್ಚೆಯಲ್ಲಿ ನನಗೆ ತೀರಾ ಪ್ರಿಯವಾದದ್ದು ಈ ಖಾಲಿ ಜಾಗ. ವಾಚಾಳಿಗಳ ನಡುವೆ ಸಂಕೋಚದ ಮಕ್ಕಳಿಗೂ ಅದು ಮಾತಿನ ಸರದಿ ಕಾದಿರಿಸುತ್ತದೆ.

ಈ ಸಲ ಪ್ರಶ್ನೆ ಎತ್ತಿದ್ದು ಮಕ್ಕಳೇ. ಸಾಲ ತೀರಿಸಲು ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸಿದ ಚೋಮ ಎತ್ತುಗಳನ್ನು ಮಾತ್ರ ಯಾಕೆ ಮಾರಲಿಲ್ಲ? ಅಸ್ಪೃಶ್ಯನೆಂದು ಬೇಸಾಯಕ್ಕೆ ತುಂಡು ನೆಲವೂ ದಕ್ಕದವನಿಗೆ ಆ ಜೋಡಿ ಎತ್ತು ಯಾತಕ್ಕೆ? "ಮಕ್ಕಳಿಗಿಂತ ಎತ್ತು ಹೆಚ್ಚಾಯ್ತಾ?" ಎಂದು ಒಬ್ಬ ಸಿಟ್ಟಾದ. ಹೊರವೃತ್ತದ ಮೂಲೆಯಿಂದ ಇನ್ನೊಬ್ಬ ಬಂದು ಖಾಲಿ ಜಾಗದಲ್ಲಿ ಕೂತ. "ಎತ್ತು ಮಾರಿದ್ರೆ, ನಂಗೂ ಗದ್ದೆ ಕೊಡಿ ಅಂತ ಕೇಳೋಕೆ ಅವನ ಹತ್ರ ಏನು ಉಳೀತಿತ್ತು?" ಅಂದ. ಅವನು ಏಳುವುದನ್ನೂ ಕಾಯದೆ ಮೂವರು ಆ ಜಾಗಕ್ಕೆ ನುಗ್ಗಿದರು.