ಮೂರು ಚೆಂಡಿನ ಡಬ್ಬಿ

ಎರಡು ವರ್ಷದ ಹಿಂದೆ ನನ್ನ ಬಲಮಂಡಿಯ ಕೀಲು ಬದಲಿಸಿದರು. ಆಗ ನನಗೆ 68. ಮರುದಿನವೇ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ಫಿಸಿಯೋಥೆರಪಿಯ ಹುಡುಗಿ ಮೂರು ಚೆಂಡುಗಳಿದ್ದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಕೈಗಿತ್ತು, "ಅಜ್ಜಿ, ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ ಮಾಡಿ" ಎಂದಳು. ಮಂಡಿ ರಿಪೇರಿಗೆ ಬಂದವಳಿಗೆ ಉಸಿರಿನ ಆಟವೇಕೆ ಎಂದುಕೊಂಡು ಅದನ್ನು ಕಿಟಕಿಯ ಮೇಲಿಟ್ಟೆ. ಅಲುಗಿದರೆ ನೋವು, ಕೊರಡಿನಂತೆ ಮಲಗಿಬಿಟ್ಟೆ.

ಮೂರನೆಯ ದಿನ ಬಚ್ಚಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು. ಹೇಳಿದರೆ ಮಗ ಗಾಬರಿಯಾಗುತ್ತಾನೆ, ಇನ್ನೆರಡು ದಿನದ ಖರ್ಚು ಬೇರೆ ಎಂದು ಬಾಯಿ ಬಿಡಲಿಲ್ಲ.

ಸಂಜೆ ಐದನೇ ತರಗತಿಯ ಮೊಮ್ಮಗಳು ಬಂದಳು. ಕೋತಿ-ಮೊಸಳೆ ಕತೆ ಶುರುಮಾಡಿದೆ.

"ಅಜ್ಜಿ, ಎರಡೆರಡು ಮಾತಿಗೂ ಯಾಕೆ ನಿಲ್ಲಿಸ್ತೀಯ? ಮೊಸಳೆ ಇನ್ನೂ ನದಿಗೇ ಇಳಿದಿಲ್ಲ!"

"ಸುಮ್ನಿರೇ" ಎಂದೆ. ಅವಳು ಸುಮ್ಮನಿರಲಿಲ್ಲ, ಓಡಿಹೋಗಿ ನರ್ಸನ್ನು ಕರೆತಂದಳು.

ಬೆರಳಿಗೆ ಸಿಕ್ಕಿಸಿದ ಯಂತ್ರ 88 ತೋರಿಸಿತು. 95 ಆದರೂ ಇರಬೇಕಂತೆ. ಆಮ್ಲಜನಕ ಹಾಕಿದರು, ಸ್ಕ್ಯಾನ್‌ಗೆ ಕರೆದೊಯ್ದರು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದಾಗ ಮಗನ ಮುಖ ಬಿಳಿಚಿತು. ಪುಣ್ಯಕ್ಕೆ ಹಾಗಾಗಿರಲಿಲ್ಲ. ಮಲಗಿದಲ್ಲೇ ಮಲಗಿ, ಮೇಲುಸಿರಷ್ಟೇ ಆಡಿ, ಶ್ವಾಸಕೋಶದ ತಳದ ಗಾಳಿಗೂಡುಗಳು ಮುದುಡಿಕೊಂಡಿದ್ದವು. ಹಾಗೇ ಬಿಟ್ಟರೆ ಕಫ ಕಟ್ಟಿ ನ್ಯುಮೋನಿಯಾ ಆಗಬಹುದಂತೆ.

ಡಬ್ಬಿ ಕಿಟಕಿಯಿಂದ ಇಳಿಯಿತು. ಒಲೆ ಊದುವಂತೆ ಊದಿದೆ, ಚೆಂಡು ಅಲುಗಲಿಲ್ಲ. "ಊದಬಾರದು ಅಜ್ಜಿ, ಎಳನೀರು ಹೀರೋ ಹಾಗೆ ಎಳೀಬೇಕು. ಫಿಸಿಯೋ ಅಕ್ಕ ಹೇಳಿದ್ರು" ಎಂದಳು ಮೊಮ್ಮಗಳು. ನಿಧಾನವಾಗಿ ಎಳೆದೆ. ಒಂದು ಚೆಂಡು ಎದ್ದಿತು. ಅವಳು ರಫ್ ನೋಟಿನಲ್ಲಿ ಗಂಟೆಗೊಂದು ಗೆರೆ ಎಳೆದು ಲೆಕ್ಕ ಇಟ್ಟಳು. ನಾಲ್ಕನೆಯ ದಿನ ಮೂರನೆಯ ಚೆಂಡೂ ಎದ್ದಾಗ ಪಕ್ಕದ ಮಂಚದವರೂ ಚಪ್ಪಾಳೆ ತಟ್ಟಿದರು. ಎರಡು ದಿನದ ಖರ್ಚು ಉಳಿಸಲು ಹೋಗಿ ನಾಲ್ಕು ದಿನ ಹೆಚ್ಚು ಉಳಿದಿದ್ದೆ.

ನನ್ನ ವಾರಿಗೆಯವರೇ, ಆಪರೇಷನ್ ಆದಮೇಲೆ ಏದುಸಿರು, ಎದೆನೋವು, ಮೀನಖಂಡದ ಊತ ಕಂಡರೆ ಮುಚ್ಚಿಡಬೇಡಿ, ಕೂಡಲೇ ಹೇಳಿ. ಮಕ್ಕಳೇ, ಅಜ್ಜಿ-ತಾತ "ಏನಿಲ್ಲ" ಎಂದರೂ ನಿಮ್ಮ ಕಣ್ಣಿಗೆ ಕಂಡದ್ದನ್ನು ದೊಡ್ಡವರಿಗೆ ಹೇಳಿ.

ಮನೆಗೆ ಬಂದ ರಾತ್ರಿ ಕತೆ ಮುಗಿಸಿದೆ. ಮೊಸಳೆ ನದಿಗಿಳಿಯಿತು, ಕೋತಿ ಜಾಣತನದಿಂದ ಮರ ಸೇರಿತು. ನಾನು ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ.