ಕಡಲ ಬದಿ – 6: ಅಕ್ಕಿ ಡಬ್ಬಿಗೆ ಹಾಕ್ಬೇಡಿ

ಫೋನ್ ಸಮುದ್ರದ ನೀರಿಗೆ ಬಿದ್ರೆ ಏನು ಮಾಡ್ತೀರಿ? ಅಕ್ಕಿ ಡಬ್ಬಿ, ಅಲ್ವಾ? ನೀರು ಆರ್ತದೆ, ಉಪ್ಪು ಒಳಗೇ ಉಳೀತದೆ. ಒಂದು ಲೀಟರ್‌ ಕಡಲ ನೀರಲ್ಲಿ ಸುಮಾರು 35 ಗ್ರಾಂ ಉಪ್ಪು. ಅದು ಗಾಳಿಯ ತೇವ ಹೀರಿ ಮತ್ತೆ ಒದ್ದೆಯಾಗಿ, ಕರೆಂಟ್ ಹರಿಯುವಲ್ಲಿ ತಾಮ್ರವನ್ನೇ ತಿಂತದೆ. ಪಿನ್ ಮೇಲಿನ ಹಸಿರು ಕಿಲುಬು ಅದೇ.

ನಮ್ಮ ಮಲ್ಪೆ ಕಡೆ ಮಳೆಗಾಲದಲ್ಲಿ ದೊಡ್ಡ ಬೋಟುಗಳಿಗೆ ರಜೆ, ಕಡಲಿಗಿಳಿಯುವುದು ನಾಡದೋಣಿ. ಮಾವನ ದೋಣಿಯಲ್ಲಿ ಜಿಪಿಎಸ್, ಫಿಶ್ ಫೈಂಡರ್ ಎರಡೂ ಉಂಟು. ಮಳೆ ಹೊಡೆದು ದಡವೇ ಕಾಣದಾಗ ಆ ಪುಟ್ಟ ಸ್ಕ್ರೀನ್ ಕಪ್ಪಾದ್ರೆ? ಅದಕ್ಕೇ ಅತ್ತೆ ಮೊದಲು ಮೀನು ಕೇಳುವುದಿಲ್ಲ, “ಸೆಟ್ ತೊಳೆದ್ರಾ?” ಅಂತಾರೆ.

ತೊಳೆಯುವುದು ಹೀಗೆ: ಪವರ್ ಆಫ್, ಪ್ಲಗ್ ಕಳಚದೆ ಮೆಲ್ಲಗೆ ಸಿಹಿನೀರು, ಆಮೇಲೆ ಮೆತ್ತನೆ ಬಟ್ಟೆ. ಒಣಗಿದ್ದನ್ನೇ ಉಜ್ಜಿದ್ರೆ ಉಪ್ಪಿನ ಹರಳು ಸ್ಕ್ರೀನ್ ಗೀರ್ತದೆ. ಪಿನ್‌ಗಳಿಗೆ ತೆಳ್ಳಗೆ ಡೈಎಲೆಕ್ಟ್ರಿಕ್ ಗ್ರೀಸ್.

ಡಬ್ಬದ ಮೇಲೆ ಐಪಿಎಕ್ಸ್7 ಅಂತ ಉಂಟಾ? ಅದು 1 ಮೀಟರ್ ಸಿಹಿನೀರಲ್ಲಿ 30 ನಿಮಿಷದ ಪರೀಕ್ಷೆ, ಅಷ್ಟೇ. (ಬಿಕಾಂನವರೇ, ಉಪ್ಪಿನ ಡಿಪ್ರಿಸಿಯೇಶನ್‌ಗೆ ಯಾವ ಮೆಥಡ್ಡೂ ಇಲ್ಲ!)

ಫೋನ್ ಬಿದ್ರೆ? ಆಫ್ ಮಾಡಿ, ಚಾರ್ಜಿಗೆ ಮಾತ್ರ ಹಾಕ್ಬೇಡಿ, ಸೀದಾ ರಿಪೇರಿ ಅಂಗಡಿಗೆ. ಅಕ್ಕಿ ಗಂಜಿಗಿರಲಿ.